ಓದುಗರ ಪ್ರಶ್ನೆಗೆ ಉತ್ತರ: ಡಿಜೆ ಕೆಲಸಕ್ಕೆ ಹೊಸಬರು ಮೊದಲು ಕೊಳ್ಳಬೇಕಾದ ದೀಪಗಳು

ಪ್ರಶ್ನೆ: ನಾನು ಒಂದು ವರ್ಷದಿಂದ ಪರಿಚಿತರ ಸಮಾರಂಭಗಳಿಗೆ ಹೋಗಿ ಹಾಡು ಹಾಕುತ್ತಿದ್ದೇನೆ. ಎರಡು ಸ್ಪೀಕರ್, ಒಂದು ಮಿಕ್ಸರ್, ಒಂದು ಲ್ಯಾಪ್‌ಟಾಪ್ ನನ್ನಲ್ಲಿವೆ. ಈಗ ಹೊರಗಿನವರೂ ಕರೆಯತೊಡಗಿದ್ದಾರೆ. ಕರೆದವರೆಲ್ಲ ‘ಲೈಟ್ ಇದೆಯೇ’ ಎಂದು ಕೇಳುತ್ತಾರೆ. ಎರಡು ಮೂವಿಂಗ್ ಹೆಡ್ (ತಲೆ ತಿರುಗಿಸುತ್ತ ಬೆಳಕು ಎಸೆಯುವ ದೀಪ) ಕೊಳ್ಳಲೇ, ಪಾರ್ (ಒಂದೆಡೆ ನಿಂತು ಬಣ್ಣ ಹರಡುವ ದೀಪ), ಸ್ಟ್ರೋಬ್ (ಪಟಪಟನೆ ಮಿಂಚುವ ದೀಪ), ಲೇಸರ್ ಎಲ್ಲವೂ ಒಂದೇ ಅಡ್ಡಪಟ್ಟಿಯ ಮೇಲಿರುವ ಸೆಟ್ ಕೊಳ್ಳಲೇ, ಅಥವಾ ಸಾದಾ ಪಾರ್ ಲೈಟ್‌ಗಳೇ ಸಾಕೇ? ಸಾಗಿಸುವುದು, ಜೋಡಿಸುವುದು, ಬಿಚ್ಚುವುದು ಎಲ್ಲವನ್ನೂ ನಾನೊಬ್ಬನೇ ಮಾಡಬೇಕು. ವಾಹನವೆಂದರೆ ಒಂದು ಸಣ್ಣ ಕಾರು.

ಉತ್ತರ: ಒಂದೇ ಮಾದರಿಯ ನಾಲ್ಕು ಎಲ್‌ಇಡಿ ಪಾರ್ ಲೈಟ್, ಅವುಗಳನ್ನು ಹೊರಬಲ್ಲ ಎರಡು ಗಟ್ಟಿ ಸ್ಟ್ಯಾಂಡ್, ಇವುಗಳಿಂದ ಆರಂಭಿಸಿ. ಮೂವಿಂಗ್ ಹೆಡ್ ಆಮೇಲೆ ಬರಲಿ. ನಿಮ್ಮಂಥ ಹೊಸಬರ ಹಣ ಮೊದಲು ಹಾಳಾಗುವುದು ಈ ಅನುಕ್ರಮ ತಪ್ಪಿದಾಗಲೇ ಆದ್ದರಿಂದ ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಸಭಾಂಗಣದ ಮಾಮೂಲಿ ದೀಪಗಳನ್ನು ಆರಿಸಿದ ಮೇಲೆ ಕುಣಿಯುವವರಿಗೆ ಬೇಕಾಗುವುದು ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವಷ್ಟು ಬೆಳಕು ಮತ್ತು ಆ ಜಾಗವನ್ನು ಉಳಿದ ಕೋಣೆಯಿಂದ ಬೇರೆ ಮಾಡುವ ಒಂದು ಬಣ್ಣ. ಅಗಲವಾಗಿ ಹರಡುವ ಪಾರ್ ಲೈಟ್ ಈ ಎರಡನ್ನೂ ಕೊಡುತ್ತದೆ. ಮೂವಿಂಗ್ ಹೆಡ್‌ಗಳಲ್ಲಿ ವಾಷ್ ಎಂಬ ಜಾತಿಯೂ ಹಾಗೆಯೇ ಹರಡುತ್ತದೆಯಾದರೂ, ಹೊಸಬರನ್ನು ಸೆಳೆಯುವ ಸ್ಪಾಟ್ ಮತ್ತು ಬೀಮ್ ಮಾದರಿಗಳು ಸಣ್ಣ ಕೋನದಲ್ಲಿ ಬೆಳಕನ್ನು ಎಸೆಯುತ್ತವೆ. ಚಿತ್ರಗಳಲ್ಲಿ ಕಾಣುವ ಆ ಬೆಳಕಿನ ಕಂಬಗಳು ಗಾಳಿಯಲ್ಲಿ ತೇಲುವ ಮಂಜಿನ ಕಣಗಳಿಗೆ ಬೆಳಕು ಬಡಿದು ಚದುರುವುದರಿಂದ ಮೂಡುತ್ತವೆಯೇ ಹೊರತು ದೀಪವೊಂದರಿಂದಲೇ ಅಲ್ಲ. ಮಂಜಿನ ಯಂತ್ರವಿಲ್ಲದ ಸ್ವಚ್ಛ ಗಾಳಿಯ ಕೋಣೆಯಲ್ಲಿ ಎರಡು ಬೀಮ್ ದೀಪಗಳನ್ನು ತಿರುಗಿಸಿದರೆ ಗೋಡೆಯ ಮೇಲೆ ಎರಡು ಚುಕ್ಕೆಗಳು ಓಡಾಡುತ್ತವೆ, ಅವುಗಳ ಕೆಳಗೆ ಜನರು ಕತ್ತಲಲ್ಲೇ ನಿಂತಿರುತ್ತಾರೆ.

ಒಂದೇ ಮಾದರಿಯ ನಾಲ್ಕನ್ನು ಒಟ್ಟಿಗೇ ಕೊಳ್ಳಿ ಎಂದು ಹೇಳುವುದಕ್ಕೂ ಕಾರಣವಿದೆ. ಬೇರೆ ಬೇರೆ ತಯಾರಕರ ದೀಪಗಳಲ್ಲಿ ‘ನೀಲಿ’ ಎಂಬುದು ಒಂದೇ ನೀಲಿಯಾಗಿರುವುದಿಲ್ಲ. ಬಣ್ಣ, ಪ್ರಖರತೆ ಮುಂತಾದವನ್ನು ಒಂದೊಂದಾಗಿ ನಿಯಂತ್ರಿಸುವ ಚಾನೆಲ್‌ಗಳ ಕ್ರಮವೂ ಬೇರೆಯಾಗಿರುತ್ತದೆ. ಇಂದು ಎರಡು, ಮುಂದಿನ ವರ್ಷ ಇನ್ನೆರಡು ಎಂದುಕೊಂಡರೆ ಆ ವೇಳೆಗೆ ಅದೇ ಮಾದರಿ ಸಿಗದೆ ಹೋಗಬಹುದು.

ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಓದುವಾಗ ಎಚ್ಚರವಿರಲಿ. ‘ಪಾರ್ 64’ ಎಂಬುದರಲ್ಲಿ 64 ಎಂಬುದು ಹಳೆಯ ಕಾಲದ ಬಲ್ಬಿನ ವ್ಯಾಸವನ್ನು ಇಂಚಿನ ಎಂಟನೇ ಭಾಗಗಳಲ್ಲಿ ಹೇಳುವ ಸಂಖ್ಯೆ. ಅಂದರೆ 8 ಇಂಚು. ಎಲ್‌ಇಡಿ ದೀಪದಲ್ಲಿ ಅದು ಕವಚದ ಗಾತ್ರದ ಗುರುತಾಗಿ ಮಾತ್ರ ಉಳಿದಿದೆ, ಪ್ರಖರತೆಯ ಬಗ್ಗೆ ಏನೂ ಹೇಳುವುದಿಲ್ಲ. ಹಾಗೆಯೇ ‘54 ಎಲ್‌ಇಡಿ, ತಲಾ 3 ವ್ಯಾಟ್’ ಎಂದು ಬರೆದಿದ್ದರೆ ಗುಣಿಸಿ 162 ವ್ಯಾಟ್ ಎಂದು ನಂಬಬೇಡಿ. ಬಿಡಿ ಎಲ್‌ಇಡಿಯನ್ನು ಅದರ ಪೂರ್ಣ ಸಾಮರ್ಥ್ಯಕ್ಕಿಂತ ಕಡಿಮೆಯಲ್ಲಿ ಓಡಿಸುವುದೇ ವಾಡಿಕೆ, ದೀಪವು ನಿಜವಾಗಿ ಎಳೆಯುವ ವಿದ್ಯುತ್ತು ವಿವರಪಟ್ಟಿಯಲ್ಲಿ ಬೇರೆಯಾಗಿ ನಮೂದಾಗಿರುತ್ತದೆ. ಹೋಲಿಸಲು ಯೋಗ್ಯವಾದ ಅಂಕಿ ಲಕ್ಸ್, ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ. ಅದೂ ಎಷ್ಟು ಮೀಟರ್ ದೂರದಲ್ಲಿ, ಎಷ್ಟು ಡಿಗ್ರಿ ಕೋನದಲ್ಲಿ ಅಳೆದದ್ದು ಎಂಬುದನ್ನು ಸೇರಿಸಿ ನೋಡಬೇಕು, ಏಕೆಂದರೆ ದೂರ ಇಮ್ಮಡಿಯಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಒಬ್ಬ ತಯಾರಕರು 1 ಮೀಟರಿನಲ್ಲೂ ಇನ್ನೊಬ್ಬರು 2 ಮೀಟರಿನಲ್ಲೂ ಅಳೆದಿದ್ದರೆ ಆ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಪ್ರಯೋಜನವಿಲ್ಲ.

ಕೋನದ ಲೆಕ್ಕ ಸರಳವಾದದ್ದೇ. 4 ಮೀಟರ್ ದೂರದಿಂದ 25 ಡಿಗ್ರಿಯ ದೀಪ ಸುಮಾರು 1.8 ಮೀಟರ್ ಅಗಲದ ವೃತ್ತವನ್ನು ಬೆಳಗುತ್ತದೆ, 40 ಡಿಗ್ರಿಯದು ಸುಮಾರು 2.9 ಮೀಟರ್. ಚಿಕ್ಕ ಕೋಣೆಗಳಲ್ಲಿ ಹತ್ತಿರದಿಂದ ಬೆಳಗುವವರಿಗೆ ಅಗಲ ಕೋನವೇ ಒಳ್ಳೆಯದು, ಆದ್ದರಿಂದ ನಿಮಗೆ 40 ಡಿಗ್ರಿಯ ಆಸುಪಾಸಿನದ್ದು ಹೊಂದುತ್ತದೆ.

ಬಣ್ಣದ ವಿಷಯದಲ್ಲಿ ಕೆಂಪು, ಹಸಿರು, ನೀಲಿ ಮೂರೇ ಇರುವ ದೀಪಕ್ಕಿಂತ ಬಿಳಿ ಅಥವಾ ಅಂಬರ್ (ಕಿತ್ತಳೆ ಮಿಶ್ರಿತ ಹಳದಿ) ಎಲ್‌ಇಡಿಯೂ ಸೇರಿರುವುದನ್ನು ಆರಿಸಿ. ಮೂರು ಬಣ್ಣ ಬೆರೆಸಿ ಮಾಡಿದ ಬಿಳಿ ಮನುಷ್ಯರ ಚರ್ಮದ ಮೇಲೆ ಬಿದ್ದಾಗ ನಿರ್ಜೀವವಾಗಿ ಕಾಣುತ್ತದೆ. ಯಾರೋ ಭಾಷಣಕ್ಕೆ ನಿಂತಾಗ, ಕೇಕ್ ಕತ್ತರಿಸುವಾಗ, ಹಿರಿಯರೊಬ್ಬರು ಹರಸುವಾಗ ಆ ಮುಖಗಳ ಮೇಲೆ ಬೆಚ್ಚಗಿನ ಬೆಳಕು ಬೀಳಬೇಕು. ಆ ಫೋಟೋಗಳನ್ನು ಅವರು ವರ್ಷಗಟ್ಟಲೆ ಇಟ್ಟುಕೊಳ್ಳುತ್ತಾರೆ. ಇದೇ ಕಾರಣಕ್ಕೆ, ಕೊಳ್ಳುವ ಮೊದಲು ದೀಪವನ್ನು ಕಡಿಮೆ ಬೆಳಕಿಗೆ ಇಳಿಸಿ ಮೊಬೈಲ್ ಕ್ಯಾಮೆರಾದಲ್ಲಿ ವಿಡಿಯೊ ತೆಗೆದು ನೋಡಿ. ಎಲ್‌ಇಡಿಯ ಬೆಳಕನ್ನು ತಗ್ಗಿಸುವುದೆಂದರೆ ಸಾಮಾನ್ಯವಾಗಿ ಅದನ್ನು ಅತಿ ವೇಗವಾಗಿ ಆರಿಸಿ ಹೊತ್ತಿಸುವುದು. ಆ ವೇಗ ಸಾಲದಿದ್ದರೆ ಕಣ್ಣಿಗೆ ಗೊತ್ತಾಗದ ಮಿಣುಕು ಕ್ಯಾಮೆರಾದಲ್ಲಿ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಫ್ಯಾನಿನ ಸದ್ದನ್ನೂ ಆಗಲೇ ಆಲಿಸಿ. ಹಾಡಿನ ನಡುವೆ ಕೇಳಿಸದ ಸದ್ದು ಮೌನದ ಗಳಿಗೆಯಲ್ಲಿ ಎಲ್ಲರಿಗೂ ಕೇಳಿಸುತ್ತದೆ.

ಇನ್ನು ಎಲ್ಲವೂ ಒಂದೇ ಪಟ್ಟಿಯ ಮೇಲಿರುವ ಸೆಟ್. ಒಬ್ಬರೇ ದುಡಿಯುವವರಿಗೆ ಅದರ ಸೆಳೆತ ನನಗೆ ಅರ್ಥವಾಗುತ್ತದೆ: ಒಂದು ಸ್ಟ್ಯಾಂಡ್, ಒಂದು ಚೀಲ, ಕಾಲಿನಿಂದ ಒತ್ತುವ ಒಂದು ಸ್ವಿಚ್, ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ಆದರೆ ದೀಪಗಳೆಲ್ಲ ಒಂದೇ ಜಾಗದಿಂದ ಬೆಳಗುವುದರಿಂದ ಕುಣಿಯುವವರ ಒಂದು ಬದಿ ಬೆಳಕು, ಇನ್ನೊಂದು ಬದಿ ನೆರಳು; ಒಳಗಿನ ವಿದ್ಯುತ್ ಭಾಗ ಕೆಟ್ಟರೆ ಆ ಸಂಜೆಗೆ ಒಂದು ದೀಪವೂ ಉಳಿಯುವುದಿಲ್ಲ. ಬಿಡಿ ಪಾರ್‌ಗಳನ್ನು ಎರಡು ಮೂಲೆಗಳಲ್ಲಿ ನಿಲ್ಲಿಸಿದರೆ ಬೆಳಕು ಎರಡು ಕಡೆಯಿಂದ ಬರುತ್ತದೆ. ಊಟದ ಹೊತ್ತಿನಲ್ಲಿ ಅವುಗಳಲ್ಲಿ ಎರಡನ್ನು ಕೆಳಗಿಟ್ಟು ಗೋಡೆಗೆ ಬಣ್ಣ ತುಂಬಲೂ ಬರುತ್ತದೆ. ಸೆಟ್ಟನ್ನೇ ಕೊಳ್ಳುವುದಾದರೆ ಪಾರ್‌ಗಳನ್ನು ಪಟ್ಟಿಯಿಂದ ಬಿಚ್ಚಿ ಬೇರೆ ಕಡೆ ಇಡಬಹುದಾದ ಮಾದರಿಯನ್ನು ಹುಡುಕಿ.

ಸ್ಟ್ಯಾಂಡಿನ ಮಾತನ್ನು ಕೊನೆಗೆ ಉಳಿದ ಹಣದ ಲೆಕ್ಕದಲ್ಲಿ ಸೇರಿಸಬೇಡಿ. ಜನರ ತಲೆಯ ಮೇಲೆ ಭಾರವನ್ನು ನಿಲ್ಲಿಸುವ ಕೆಲಸ ಅದು. ದೀಪಗಳು, ಅಡ್ಡಪಟ್ಟಿ, ಕ್ಲಾಂಪ್, ತೂಗುವ ಕೇಬಲ್ ಎಲ್ಲದರ ತೂಕವನ್ನು ಕೂಡಿಸಿ. ಸ್ಟ್ಯಾಂಡಿನ ಮೇಲೆ ಬರೆದ ಮಿತಿ ಅದಕ್ಕಿಂತ ಸಾಕಷ್ಟು ಹೆಚ್ಚಿರಲಿ. ಕಾಲುಗಳನ್ನು ಪೂರ್ತಿ ಅಗಲಿಸಿ, ಅವುಗಳ ಮೇಲೆ ಮರಳಿನ ಚೀಲವಿಡಿ, ಅಡ್ಡಪಟ್ಟಿಯ ಎರಡು ತುದಿಗಳಲ್ಲೂ ಸಮ ತೂಕ ಬರುವಂತೆ ದೀಪ ಹಾಕಿ. ಪ್ರತಿ ದೀಪಕ್ಕೂ ಕ್ಲಾಂಪಿನ ಜೊತೆಗೆ ಉಕ್ಕಿನ ಸುರಕ್ಷಾ ತಂತಿ ಇರಲೇಬೇಕು, ತಿರುಪು ಸಡಿಲವಾದರೂ ದೀಪ ಕೆಳಗೆ ಬೀಳದೆ ಅದರಲ್ಲಿ ನೇತಾಡಬೇಕು. ಮಕ್ಕಳು ಓಡಾಡುವ ದಾರಿಯಲ್ಲಿ, ಬಾಗಿಲಿನ ಪಕ್ಕದಲ್ಲಿ ಸ್ಟ್ಯಾಂಡ್ ನಿಲ್ಲಿಸಬೇಡಿ; ನೆಲದ ಮೇಲೆ ಹಾಯುವ ಕೇಬಲ್ಲನ್ನು ಟೇಪಿನಿಂದ ಪೂರ್ತಿ ಅಂಟಿಸಿ.

ವಿದ್ಯುತ್ತಿನ ಬಗ್ಗೆ ಹೆಚ್ಚು ಚಿಂತೆ ಬೇಡ. ತಲಾ 80 ವ್ಯಾಟಿನ ನಾಲ್ಕು ಪಾರ್‌ಗಳಿಗೆ 320 ವ್ಯಾಟ್ ಬೇಕು, 230 ವೋಲ್ಟಿನಲ್ಲಿ ಅದು ಸುಮಾರು 1.4 ಆಂಪಿಯರ್. ತಲಾ 1000 ವ್ಯಾಟಿನ ಹಳೆಯ ನಾಲ್ಕು ಪಾರ್‌ಗಳು 17 ಆಂಪಿಯರಿಗಿಂತ ಹೆಚ್ಚು ಎಳೆಯುತ್ತಿದ್ದವು.

ಪ್ರಶ್ನೆ: ಡಿಎಂಎಕ್ಸ್ (ಎಲ್ಲ ದೀಪಗಳನ್ನೂ ಕೇಬಲ್ ಮೂಲಕ ಒಂದೇ ಕಡೆಯಿಂದ ನಿಯಂತ್ರಿಸುವ ಪದ್ಧತಿ) ಕಲಿಯುವುದು ಅಗತ್ಯವೇ? ದೀಪಗಳು ಹಾಡಿನ ಸದ್ದಿಗೆ ತಾವೇ ಕುಣಿಯುತ್ತವೆಯಲ್ಲ? ನನ್ನ ಬಳಿ ಇರುವ ಮೈಕ್ ಕೇಬಲ್‌ಗಳನ್ನೇ ಬಳಸಬಹುದೇ?

ಉತ್ತರ: ಮೊದಲ ಕೆಲವು ಕಾರ್ಯಕ್ರಮಗಳಿಗೆ ಅಗತ್ಯವಿಲ್ಲ, ಆಮೇಲೆ ಖಂಡಿತ ಇದೆ. ಸದ್ದಿಗೆ ಕುಣಿಯುವ ವಿಧಾನದಲ್ಲಿ ದೀಪದೊಳಗಿನ ಪುಟ್ಟ ಮೈಕು ಕೇಳಿದ್ದಕ್ಕೆಲ್ಲ ಸ್ಪಂದಿಸುತ್ತದೆ. ಅದಕ್ಕೆ ಹಾಡು, ಚಪ್ಪಾಳೆ, ಮಾತು ಎಲ್ಲವೂ ಒಂದೇ. ತಂದೆಯೊಬ್ಬರು ಮಗಳ ಬಗ್ಗೆ ಭಾವುಕರಾಗಿ ಮಾತನಾಡುತ್ತಿರುವಾಗ ಅವರ ಒಂದೊಂದು ಪದಕ್ಕೂ ದೀಪ ಕೆಂಪು, ಹಸಿರು ಎಂದು ಹಾರತೊಡಗಿದರೆ ಆ ಗಳಿಗೆ ಕೆಡುತ್ತದೆ. ಎಲ್ಲ ದೀಪಗಳನ್ನೂ ಒಂದೇ ಗುಂಡಿಯಿಂದ ಸ್ಥಿರವಾದ ಬೆಚ್ಚಗಿನ ಬಣ್ಣಕ್ಕೆ ತರುವ ಶಕ್ತಿ ನಿಮ್ಮ ಕೈಯಲ್ಲಿರಬೇಕು, ಡಿಎಂಎಕ್ಸ್ ಬೇಕಾಗುವುದು ಇದಕ್ಕೇ.

1986ರಲ್ಲಿ ರೂಪುಗೊಂಡ ಈ ಪದ್ಧತಿ ಒಂದು ಕೇಬಲ್ಲಿನಲ್ಲಿ 512 ಚಾನೆಲ್‌ಗಳನ್ನು ಸಾಗಿಸುತ್ತದೆ. ನಿಮ್ಮ ಪಾರ್ 7 ಚಾನೆಲ್ ಬಳಸುವುದಾದರೆ ಮೊದಲನೆಯದಕ್ಕೆ 1, ಎರಡನೆಯದಕ್ಕೆ 8, ಮೂರನೆಯದಕ್ಕೆ 15, ನಾಲ್ಕನೆಯದಕ್ಕೆ 22 ಎಂದು ಅಡ್ರೆಸ್ (ಆ ದೀಪದ ಮೊದಲ ಚಾನೆಲ್ಲಿನ ಸಂಖ್ಯೆ) ಕೊಟ್ಟರೆ ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ನಡೆಸಬಹುದು. ನಾಲ್ಕಕ್ಕೂ 1 ಎಂದೇ ಕೊಟ್ಟರೆ ನಾಲ್ಕೂ ಒಂದೇ ದೀಪದಂತೆ ವರ್ತಿಸುತ್ತವೆ, ಕಲಿಯುವ ದಿನಗಳಿಗೆ ಅದೇ ಸುಲಭ. ತಲಾ 16 ಚಾನೆಲ್‌ನಂತೆ 12 ದೀಪಗಳನ್ನು ಹಿಡಿಯುವ 192 ಚಾನೆಲ್‌ಗಳ ಸಣ್ಣ ನಿಯಂತ್ರಕ ಪೆಟ್ಟಿಗೆ ನಿಮಗೆ ಬಹುಕಾಲ ಸಾಲುತ್ತದೆ. ಲ್ಯಾಪ್‌ಟಾಪಿನ ಸಾಫ್ಟ್‌ವೇರ್ ಇನ್ನೂ ಸಮರ್ಥವಾದದ್ದು, ಆದರೆ ಹಾಡು ನುಡಿಸುವ ಲ್ಯಾಪ್‌ಟಾಪಿಗೇ ಆ ಹೊರೆಯನ್ನೂ ಹೊರಿಸುವುದನ್ನು ನಾನು ಒಪ್ಪುವುದಿಲ್ಲ. ಅದು ಸ್ಥಗಿತಗೊಂಡರೆ ಹಾಡೂ ಬೆಳಕೂ ಒಟ್ಟಿಗೇ ನಿಲ್ಲುತ್ತವೆ.

ಮೈಕ್ ಕೇಬಲ್ಲಿನ ತುದಿ ಮೂರು ಪಿನ್ನಿನ ದೀಪಗಳಿಗೆ ಕೂರುತ್ತದೆ, ಚಿಕ್ಕ ದೂರಕ್ಕೆ ಕೆಲಸವನ್ನೂ ಮಾಡಬಹುದು. ಆದರೆ ಡಿಎಂಎಕ್ಸ್ ಸಂಕೇತಕ್ಕೆ ಸುಮಾರು 120 ಓಮ್ ಪ್ರತಿಬಾಧೆಯ (ಇಂಪಿಡೆನ್ಸ್, ಸಂಕೇತಕ್ಕೆ ಕೇಬಲ್ ಒಡ್ಡುವ ತಡೆ) ಕೇಬಲ್ ಬೇಕು, ಮೈಕ್ ಕೇಬಲ್ಲಿನದು ಅದಕ್ಕಿಂತ ಕಡಿಮೆ. ಹೀಗಾಗಿ ಸಂಕೇತ ತುದಿಗೆ ಬಡಿದು ಹಿಂದಿರುಗಿ ದೀಪಗಳು ಕಾರಣವಿಲ್ಲದೆ ಮಿಣುಕುತ್ತವೆ, ಅದೂ ಮನೆಯಲ್ಲಿ ಪರೀಕ್ಷಿಸುವಾಗ ಸರಿಯಿದ್ದದ್ದು ಉದ್ದ ಕೇಬಲ್ ಹಾಕಿದ ಸಭಾಂಗಣದಲ್ಲಿ ಕೈಕೊಡುತ್ತದೆ. ದೀಪದಿಂದ ದೀಪಕ್ಕೆ ಸರಪಳಿಯಂತೆ ಜೋಡಿಸಿ, ನಡುವೆ ಕವಲು ಹಾಕಬೇಡಿ, ಕೊನೆಯ ದೀಪಕ್ಕೆ 120 ಓಮ್‌ನ ಟರ್ಮಿನೇಟರ್ (ಸಂಕೇತ ಹಿಂದಿರುಗದಂತೆ ತಡೆಯುವ ತುದಿ) ಹಾಕಿ. ಮೈಕಿನವು ಮತ್ತು ದೀಪದವು ಬೆರೆಯದಂತೆ ಕೇಬಲ್ಲುಗಳ ತುದಿಗೆ ಬಣ್ಣದ ಟೇಪ್ ಸುತ್ತಿಡಿ.

ಪ್ರಶ್ನೆ: ಸ್ಟ್ರೋಬ್, ಲೇಸರ್, ಫಾಗ್ ಯಂತ್ರ ಇಲ್ಲದಿದ್ದರೆ ಜನರಿಗೆ ನಿರಾಸೆಯಾಗುವುದಿಲ್ಲವೇ?

ಉತ್ತರ: ಒಳ್ಳೆಯ ಹಾಡು, ಒಳ್ಳೆಯ ಬಣ್ಣ ಇದ್ದಲ್ಲಿ ಆಗುವುದಿಲ್ಲ. ಸೆಕೆಂಡಿಗೆ 3ರಿಂದ 30 ಬಾರಿ ಮಿಂಚುವ ಬೆಳಕು ಬೆಳಕಿನ ಸೂಕ್ಷ್ಮತೆಯ ಅಪಸ್ಮಾರ ಇರುವವರಲ್ಲಿ ಸೆಳವು ತರಬಲ್ಲದು. ಆದ್ದರಿಂದ ಸ್ಟ್ರೋಬ್ ಬಳಸುವುದಾದರೆ ನಿಧಾನವಾಗಿ, ಕೆಲವೇ ಸೆಕೆಂಡು, ಎಲ್ಲ ದೀಪಗಳೂ ಒಟ್ಟಿಗೇ ಮಿಂಚುವಂತೆ ಬಳಸಿ. ಒಂದೊಂದು ಒಂದೊಂದು ತಾಳದಲ್ಲಿ ಮಿಂಚಿದರೆ ನೋಡುವವರಿಗೆ ಒಟ್ಟು ವೇಗ ಹೆಚ್ಚುತ್ತದೆ. ಕರೆದವರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರಿ.

ಮಂಜಿನ ಯಂತ್ರಗಳಲ್ಲಿ ಫಾಗ್ ಒಮ್ಮೆಲೇ ದಟ್ಟ ಮೋಡವನ್ನು ಉಗುಳುತ್ತದೆ, ಹೇಜ್ ತೆಳುವಾದ ಮಬ್ಬನ್ನು ಸಮವಾಗಿ ಹರಡುತ್ತದೆ. ಬೆಳಕಿನ ಕಿರಣಗಳನ್ನು ತೋರಿಸಲು ಹೇಜ್ ಉತ್ತಮ. ಎರಡೂ ಹೊಗೆಪತ್ತೆ ಸಾಧನವನ್ನು ಕೂಗಿಸಬಲ್ಲವಾದ್ದರಿಂದ ಜಾಗದ ಮೇಲ್ವಿಚಾರಕರನ್ನು ಕೇಳದೆ ಯಂತ್ರವನ್ನು ಕಾರಿನಿಂದ ಇಳಿಸಲೇಬೇಡಿ. ಅವರು ಬೇಡ ಎಂದರೆ ಆ ಸಾಧನಕ್ಕೆ ಬಟ್ಟೆ ಮುಚ್ಚುವ ಯೋಚನೆಯನ್ನೂ ಮಾಡಬೇಡಿ.

ಲೇಸರನ್ನು ಈಗ ಪೂರ್ತಿ ಬಿಡಿ. 5 ಮಿಲಿವ್ಯಾಟಿನಿಂದ 500 ಮಿಲಿವ್ಯಾಟಿನವರೆಗಿನ ಗೋಚರ ಲೇಸರ್ 3ಬಿ ವರ್ಗಕ್ಕೆ, ಅದಕ್ಕೂ ಮೇಲಿನದು 4ನೇ ವರ್ಗಕ್ಕೆ ಸೇರುತ್ತದೆ. ಈ ಎರಡೂ ವರ್ಗಗಳ ನೇರ ಕಿರಣ ಕಣ್ಣಿಗೆ ಶಾಶ್ವತ ಹಾನಿ ಮಾಡಬಲ್ಲದು, ಕ್ಯಾಮೆರಾದ ಸೆನ್ಸರನ್ನೂ ಸುಡಬಲ್ಲದು. ಜನರ ನಡುವೆ ಅದನ್ನು ಬಳಸುವವರು ಕಿರಣ ಎಲ್ಲೆಲ್ಲಿ ಬೀಳುತ್ತದೆ, ಯಾವ ಎತ್ತರದಲ್ಲಿ ಹಾಯುತ್ತದೆ, ಕನ್ನಡಿಗೋ ಗಾಜಿಗೋ ತಗುಲಿ ಎತ್ತ ತಿರುಗುತ್ತದೆ ಎಂಬುದನ್ನು ಅಳೆದು ನಿಲ್ಲಿಸಬೇಕು. ತಮ್ಮ ವರ್ಗವನ್ನೇ ಸರಿಯಾಗಿ ನಮೂದಿಸದ ಅಗ್ಗದ ಲೇಸರ್‌ಗಳು ಮಾರುಕಟ್ಟೆಯಲ್ಲಿವೆ. ಸೆಟ್ಟಿನ ಜೊತೆ ಅಂಥದ್ದೊಂದು ಬಂದಿದ್ದರೆ ಅದನ್ನು ಹೊತ್ತಿಸದೆಯೇ ಇಡಿ.