ರಾಫಿಯವರ ‘ಸಾಮ್ವೆಲ್’ ಓದು ಅರ್ಧಕ್ಕೆ ನಿಂತಿರುವ ಬಗ್ಗೆ

ಅರ್ಮೇನಿಯನ್ ಲೇಖಕ ರಾಫಿಯವರ ಐತಿಹಾಸಿಕ ಕಾದಂಬರಿ ‘ಸಾಮ್ವೆಲ್’ ಓದುವಾಗ ಹೆಸರುಗಳ ನಡುವೆ ದಾರಿ ತಪ್ಪಿತೆಂದು ನೀವು ಬರೆದಿದ್ದೀರಿ. ಎಲ್ಲಿ ನಿಂತಿರೆಂದು ತಿಳಿಸಿಲ್ಲವಾದ್ದರಿಂದ ಇದು ನನ್ನ ಊಹೆ: ತೊಡಕಿರುವುದು ಶೈಲಿಯಲ್ಲಲ್ಲ, ಅರ್ಮೇನಿಯನ್ ಓದುಗರಿಗೆ ತಿಳಿದೇ ಇದೆಯೆಂದು ಲೇಖಕರು ಭಾವಿಸಿದ ನಾಲ್ಕನೆಯ ಶತಮಾನದ ಇತಿಹಾಸದಲ್ಲಿ.

‘ಸಾಮ್ವೆಲ್’ ಅನ್ನು ಸದ್ಯಕ್ಕೆ ಬದಿಗಿಟ್ಟು, ಮೊದಲು ಅವರ ಇನ್ನೊಂದು ಕಾದಂಬರಿ ‘ಖೆಂತೆ’, ಅಂದರೆ ‘ಹುಚ್ಚ’, ಓದಿರಿ. 1877ರ ರಷ್ಯಾ–ತುರ್ಕಿ ಯುದ್ಧದಲ್ಲಿ ಬಯಜೀದ್ ಕೋಟೆಗೆ ಮುತ್ತಿಗೆ ಬಿದ್ದಾಗ, ವರ್ದಾನ್ ಎಂಬ ಯುವಕ ಹುಚ್ಚನಂತೆ ನಟಿಸುತ್ತ ಶತ್ರುಗಳ ನಡುವೆಯೇ ಹಾದು ಪತ್ರವೊಂದನ್ನು ಹೊರಗೆ ಒಯ್ಯುವ ಪ್ರಸಂಗದಿಂದ ಅದು ಆರಂಭವಾಗುತ್ತದೆ. 1835ರಲ್ಲಿ ಪರ್ಷಿಯಾದ ಸಲ್ಮಾಸ್ ಸೀಮೆಯಲ್ಲಿ ಹುಟ್ಟಿ, 1888ರಲ್ಲಿ ಟಿಫ್ಲಿಸ್‌ನಲ್ಲಿ (ಇಂದಿನ ಟಿಬಿಲಿಸಿ) ತೀರಿಕೊಂಡ ರಾಫಿಯವರಿಗೆ ಅದು ತಮ್ಮ ಕಾಲದ್ದೇ ಯುದ್ಧವಾದ್ದರಿಂದ, ಅದನ್ನು ಓದಲು ನಿಮಗೆ ಹಳೆಯ ಇತಿಹಾಸದ ಪೂರ್ವಸಿದ್ಧತೆ ಬೇಕಾಗದು.

ಬಳಿಕ ‘ಸಾಮ್ವೆಲ್’ಗೆ ಮರಳುವ ಮುನ್ನ ಒಂದು ಹಾಳೆಯಲ್ಲಿ ಇಷ್ಟನ್ನು ಗುರುತು ಹಾಕಿಕೊಳ್ಳಿ: ಪರ್ಷಿಯಾದ ದೊರೆ ಎರಡನೆಯ ಶಾಪುರ್, ಅವನ ಸೆರೆಯಾಳಾದ ಅರ್ಮೇನಿಯದ ಅರಸ ಅರ್ಶಾಕ್, ಕ್ರೈಸ್ತಧರ್ಮ ತೊರೆದು ಶಾಪುರನ ಪಕ್ಷ ಸೇರಿದ ವಹಾನ್ ಮಾಮಿಕೋನ್ಯಾನ್ ಮತ್ತು ಮೆರುಝಾನ್ ಅರ್ತ್ಸ್‌ರುನಿ. ಸಾಮ್ವೆಲ್ ಆ ವಹಾನನ ಮಗ; ತಂದೆಯೋ ನಾಡೋ ಎಂಬ ಅವನ ಇಕ್ಕಟ್ಟೇ ಕಾದಂಬರಿಯ ಜೀವಾಳ. ನಡುನಡುವೆ ಬರುವ ನಾಡಿನ ಮತ್ತು ಆಚಾರಗಳ ದೀರ್ಘ ವರ್ಣನೆಗಳನ್ನು ಮೊದಲ ಓದಿಗೆ ಹಾರಿಸಿದರೂ ನಡೆಯುತ್ತದೆ, ನನ್ನ ಮಟ್ಟಿಗೆ ಅವು ಕತೆಯನ್ನು ತುಸು ಎಳೆಯುತ್ತವೆ.

ಗ್ರಂಥಾಲಯದಲ್ಲಿ ‘ರಾಫಿ’ ಎಂದು ಹುಡುಕಿ ಸಿಗದಿದ್ದರೆ ಅವರ ನಿಜನಾಮವಾದ ಹಾಕೋಬ್ ಮೆಲಿಕ್ ಹಾಕೋಬ್ಯಾನ್ ಎಂಬುದನ್ನು ಕೊಟ್ಟು ನೋಡಿ.