ಮೈಕಲ್ಲಿ ಕೂಗಿದರೆ ಕಿವಿ ಕೇಳದವರಿಗೆ ಗೊತ್ತಾಗೋದು ಹೇಗೆ?

ಪ್ರಶ್ನೆ: ನಾನು ದಕ್ಷಿಣ ಕೊಡಗಿನಲ್ಲಿ ಅಂಗನವಾಡಿ ಕಾರ್ಯಕರ್ತೆ. ಇಲ್ಲಿ ಹೊಳೆ ದಂಡೆಯ ಯರವ ಬುಡಕಟ್ಟಿನವರ ಹಾಡಿಯಲ್ಲಿ ಇಬ್ಬರು ಅಕ್ಕತಂಗಿಯರಿದ್ದಾರೆ. ಅಕ್ಕನಿಗೆ ಪೋಲಿಯೊ, ನಡೆಯಲು ಆಗುವುದಿಲ್ಲ. ತಂಗಿಗೆ ಕಿವಿ ಕೇಳುವುದಿಲ್ಲ. ಹೋದ ಮಳೆಗಾಲದಲ್ಲಿ ನೀರು ಏರಿದಾಗ ಜೀಪಿನವರು ಮೈಕಲ್ಲಿ ಕೂಗಿ ಹೋದರು, ಅಷ್ಟೆ. ಪಕ್ಕದ ಮನೆ ಹುಡುಗರು ಅಕ್ಕನನ್ನು ಹೊತ್ತು ತಂದರು. ಕಾಳಜಿ ಕೇಂದ್ರ ಮಾಡಿದ್ದ ಶಾಲೆಯಲ್ಲಿ ಶೌಚಾಲಯಕ್ಕೆ ಮೂರು ಮೆಟ್ಟಿಲು. ಪ್ರತಿ ಸಲ ಎತ್ತಿಕೊಂಡು ಹೋಗಿ ಅನ್ನಲು ನಾಚಿಕೆಯಾಗಿ ಅವಳು ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ತರಬೇತಿಯಲ್ಲಿ ‘ಹವಾಮಾನ ನ್ಯಾಯ’ ಅಂತ ಹೇಳಿದರು. ಅದರಿಂದ ಇವರಿಗೇನು ಸಿಗುತ್ತೆ?

ಉತ್ತರ: ಹವಾಮಾನ ಕೆಡಿಸದವರೇ ಅದರ ಪೆಟ್ಟು ಹೆಚ್ಚು ತಿನ್ನಬಾರದು ಅನ್ನುವುದೇ ಹವಾಮಾನ ನ್ಯಾಯ. ತರಬೇತಿಯ ಮಾತು ಹಾಗಿರಲಿ, ನೀವು ಬರೆದ ಆ ಮೂರು ಮೆಟ್ಟಿಲಿನಲ್ಲೇ ಎಲ್ಲ ಇದೆ. 2018ರಲ್ಲಿ ಮಡಿಕೇರಿ ಸುತ್ತ ಗುಡ್ಡ ಕುಸಿಯಿತು, 2019ರಲ್ಲಿ ಕಾವೇರಿ ಉಕ್ಕಿ ದಂಡೆಯ ಕರಡಿಗೋಡು ಊರಿಗೆ ನುಗ್ಗಿತು. ಮಳೆಯ ಲೆಕ್ಕವನ್ನೇ ಕೆಡಿಸಿದ ಹೊಗೆಯಲ್ಲಿ ಈ ಅಕ್ಕತಂಗಿಯರ ಪಾಲು ಎಷ್ಟು? ಒಲೆಯ ಹೊಗೆ ಬಿಟ್ಟರೆ ಏನೂ ಇಲ್ಲ. ಹೊಳೆ ದಂಡೆಯಲ್ಲಿ ಅವರು ಇಷ್ಟಪಟ್ಟೇನೂ ಕೂತಿಲ್ಲ, ಸ್ವಂತ ಜಾಗ ಇಲ್ಲದವರಿಗೆ ತೋಟದ ಲೈನ್ ಮನೆ ಬಿಟ್ಟರೆ ಅದೇ ಗತಿ.

ಈಗ ಕಾನೂನಿಗೆ ಬರೋಣ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಸೆಕ್ಷನ್ 8 ಓದಿ. ಜಿಲ್ಲೆಯಲ್ಲಿರುವ ವಿಕಲಚೇತನರ ವಿವರವನ್ನು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರವೇ ಬರೆದಿಟ್ಟುಕೊಳ್ಳಬೇಕು, ಅಪಾಯ ಬಂದಾಗ ಅವರಿಗೆ ತಿಳಿಯುವ ಹಾಗೆ ತಿಳಿಸಬೇಕು. ಅಂದರೆ ತಂಗಿಗೆ ಮೈಕು ಸಾಲದು, ಒಬ್ಬರು ಮನೆ ಬಾಗಿಲಿಗೆ ಹೋಗಿ ಕೈಸನ್ನೆಯಲ್ಲಿ ಹೇಳಬೇಕು. ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿ ಇಲ್ಲ, ಹಾಗಾಗಿ ಪಟ್ಟಿಗೆ ಸೇರಿಸಲ್ಲ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ವೈಕಲ್ಯ ಕನಿಷ್ಠ ಶೇ. 40 ಇರಬೇಕು ಅನ್ನುವ ಮಾತೇ ಆ ಸೆಕ್ಷನ್‌ನಲ್ಲಿ ಇಲ್ಲ. ಆದರೂ ಕಾರ್ಡ್ ಮಾಡಿಸಿ, ಯಾಕೆಂದರೆ ಸೆಕ್ಷನ್ 37ರ ಪ್ರಕಾರ ಸರ್ಕಾರದ ಜಮೀನು ಮತ್ತು ವಸತಿ ಯೋಜನೆಗಳಲ್ಲಿ ಶೇ. 5 ಮೀಸಲು, ಅದರಲ್ಲೂ ಹೆಣ್ಣುಮಕ್ಕಳಿಗೆ ಸೂಕ್ತ ಆದ್ಯತೆ, ಅಲ್ಲಿ ಮಾತ್ರ ಶೇ. 40 ಬೇಕು. ಹೊಳೆ ದಂಡೆಯಿಂದ ಎತ್ತರದ ಜಾಗಕ್ಕೆ ಹೋಗಬೇಕಾದಾಗ ಇದೇ ಹಿಡಿಯುವ ಕೊಂಬೆ. ಕೂಲಿ ಬಿಟ್ಟು, ಜೀಪಿಗೆ ಬಾಡಿಗೆ ಕೊಟ್ಟು ಕಾರ್ಡಿನ ತಪಾಸಣೆಗೆ ಆಸ್ಪತ್ರೆಗೆ ಹೋಗುವುದು ಅವರಿಗೆ ಎಷ್ಟು ಕಷ್ಟ ಅಂತ ನನಗಿಂತ ನಿಮಗೇ ಗೊತ್ತು, ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿದು ಹಾಡಿ ಹತ್ತಿರವೇ ಶಿಬಿರ ಮಾಡಿಸಲು ಕೇಳಿ.

ಇನ್ನೊಂದು ಮಾತು. ಅರಣ್ಯ ಹಕ್ಕು ಕಾಯ್ದೆಯಡಿ ಅವರು ಅರ್ಜಿ ಹಾಕುವ ಹಾಗಿದ್ದರೆ, ಒಂಟಿ ಹೆಣ್ಣು ಮನೆ ನಡೆಸುತ್ತಿದ್ದಾಗ ಅವಳ ಹೆಸರಿಗೇ ಜಾಗದ ಹಕ್ಕುಪತ್ರ ಬರಬೇಕು. ಅಣ್ಣ, ಭಾವ ಯಾರ ಸಹಿಯೂ ಬೇಡ.

ಮಳೆ ಶುರುವಾದ ಮೇಲೆ ಯಾರೂ ಕೇಳಿಸಿಕೊಳ್ಳಲ್ಲ. ಮೇ ತಿಂಗಳೊಳಗೇ ಗ್ರಾಮಸಭೆಗೆ ಇಬ್ಬರನ್ನೂ ಕರೆದುಕೊಂಡು ಹೋಗಿ, ನೀವು ಮಾತಾಡಬೇಡಿ, ಶೌಚಾಲಯದ ವಿಷಯ ಅಕ್ಕನೇ ಹೇಳಲಿ. ಶಾಲೆಗೆ ಒಂದು ಇಳಿಜಾರು, ಹೆಂಗಸರಿಗೆ ಬೇರೆ ಕೋಣೆ, ಕಮೋಡ್ ಕುರ್ಚಿ, ಇಷ್ಟನ್ನು ನಡಾವಳಿಯಲ್ಲಿ ಬರೆಸಿ. ಇಬ್ಬರನ್ನೂ ಪಟ್ಟಿಗೆ ಸೇರಿಸಿ ಅಂತ ಪ್ರಾಧಿಕಾರಕ್ಕೆ ಅರ್ಜಿ ಕೊಡಿ, ಅದರ ಒಂದು ಪ್ರತಿಗೆ ಮೊಹರು ಹಾಕಿಸಿಕೊಂಡು ಇಟ್ಟುಕೊಳ್ಳಿ. ಜಿಲ್ಲೆಯ ತುರ್ತು ನಂಬರ್ 1077 ಅನ್ನು ಪಕ್ಕದ ಮನೆ ಹುಡುಗರ ಫೋನಲ್ಲೂ ಹಾಕಿಡಿ.