ಥಾರ್‌ಗೆ ಟ್ರೇಲರ್ ಹಾಕೋದಾದರೆ ಹಿಂದಿನ ಸ್ಟೆಪ್ನಿ ತೆಗೀಬೇಕಾ?

ತೋಟದ ಕೆಲಸಕ್ಕೆ ಥಾರ್ ಹಿಂದೆ ಎರಡು ಚಕ್ರದ ಸಣ್ಣ ಟ್ರೇಲರ್ ಹಾಕಬೇಕು, ಹಿಂಬಾಗಿಲ ಸ್ಟೆಪ್ನಿ ಅಡ್ಡ ಬರುತ್ತಾ, ಪಕ್ಕಕ್ಕೋ ಮೇಲಕ್ಕೋ ಹಾಕಿಸಲಾ ಅಂತ ಕೇಳಿದ್ದೀರಿ. ಸ್ಟೆಪ್ನಿ ಇದ್ದಲ್ಲೇ ಇರಲಿ. ಟ್ರೇಲರಿನ ಮೂಕಿ, ಅಂದರೆ ಜೀಪಿಗೆ ಸಿಕ್ಕಿಸೋ ಮುಂದಿನ ದಂಡ, ಉದ್ದ ಮಾಡಿಸಿ.

ನಮ್ಮ ತೋಟ ಸಕಲೇಶಪುರದ ಕಡೆ. ಮೊದಲ ವರ್ಷ ಕಾಫಿ ಹಣ್ಣಿನ ಮೂಟೆ ಹೇರಿಕೊಂಡು ಒಂದು ಹಳ್ಳ ದಾಟ್ತಿದ್ದೆ. ಜೀಪು ಆಚೆ ದಡ ಹತ್ತುತ್ತಿದೆ, ಟ್ರೇಲರ್ ಇನ್ನೂ ಈಚೆ ದಡ ಇಳೀತಿದೆ. ಆಗ ಎರಡರ ಮೇಲ್ಭಾಗವೂ ಒಂದರ ಕಡೆ ಒಂದು ವಾಲುತ್ತವಲ್ಲ, ಟ್ರೇಲರ್ ಸ್ಟ್ಯಾಂಡಿನ ಹಿಡಿ ಬಂದು ಸ್ಟೆಪ್ನಿಗೆ ಗುದ್ದಿತು. ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿ ನೋಡಿದಾಗ ಮಧ್ಯೆ ಧಾರಾಳ ಜಾಗ ಕಂಡಿತ್ತು! ಮೊದಲಿನದಕ್ಕಿಂತ ಒಂದಡಿ ಹೆಚ್ಚು ಉದ್ದದ ಹೊಸ ಮೂಕಿ ಹಾಕಿಸಿದ ಮೇಲೆ ಆ ತೊಂದರೆ ಇಲ್ಲ. ರಿವರ್ಸ್ ಕೂಡ ಸುಲಭವಾಯ್ತು, ಗಿಡ್ಡ ಮೂಕಿಯ ಟ್ರೇಲರ್ ಕಣ್ಣು ಮಿಟುಕಿಸೋದರಲ್ಲಿ ಅಡ್ಡ ತಿರುಗಿಬಿಡುತ್ತೆ. ಹಳೇ ಮೂಕಿಗೆ ತುಂಡು ಬೆಸೆಯಬೇಡಿ, ಪೂರ್ತಿ ಚಾನೆಲ್ಲೇ ಹೊಸದು ಹಾಕಿಸಿ.

ಪಕ್ಕದ ಸ್ಟೆಪ್ನಿ ಹೊಸ ಯೋಚನೆಯೇನಲ್ಲ. ಎರಡನೇ ಮಹಾಯುದ್ಧಕಾಲದ ವಿಲ್ಲಿಸ್ ಜೀಪಿಗೆ ಹಿಂಬಾಗಿಲೇ ಇರಲಿಲ್ಲ, ಸ್ಟೆಪ್ನಿ ಹಿಂದೆ ಇತ್ತು. 1945ರಲ್ಲಿ ಅದೇ ಕಂಪನಿ ರೈತರನ್ನೂ ಮನಸ್ಸಲ್ಲಿಟ್ಟುಕೊಂಡು ಸಿಜೆ-2ಎ ಅನ್ನೋ ಜೀಪು ತಂದಾಗ ಹಿಂಬಾಗಿಲು ಕೊಟ್ಟರು, ಸ್ಟೆಪ್ನಿ ಪಕ್ಕಕ್ಕೆ ಹೋಯ್ತು. ಆದರೆ ಅದು ಕಿರಿದಾದ ಗಾಡಿ. ಥಾರ್ ಮೊದಲೇ ಅಗಲ, ಪಕ್ಕಕ್ಕೊಂದು ಚಕ್ರ ನೇತುಹಾಕಿದರೆ ತೋಟದ ದಾರೀಲಿ ಸಿಲ್ವರ್ ಓಕ್ ಮರಕ್ಕೆ ಉಜ್ಜುತ್ತೆ. ಮೇಲೆ ಹಾಕಿದರೆ ಅಷ್ಟು ಭಾರ ನೆತ್ತಿಗೇರಿ, ಅಡ್ಡ ಇಳಿಜಾರಿನಲ್ಲಿ ಎದೆ ಝಲ್ಲೆನ್ನುತ್ತೆ. ಮಳೇಲಿ ಅದನ್ನ ಇಳಿಸೋರು ಯಾರು?

ಸ್ಟೆಪ್ನಿಗಿಂತ ತಲೆ ಕೆಡಿಸಿಕೊಳ್ಳಬೇಕಾದ್ದು ಮೂಕಿಯ ಭಾರ. ಎತ್ತಿನ ಗಾಡಿ ನೋಡಿದವರಿಗೆ ಗೊತ್ತು: ಹಿಂದೆ ಹೆಚ್ಚು ಹೇರಿದರೆ ನೊಗ ಮೇಲೇಳುತ್ತೆ, ಮುಂದೆ ಹೆಚ್ಚು ಹೇರಿದರೆ ಎತ್ತಿನ ಹೆಗಲು ಕುಸಿಯುತ್ತೆ. ಇಲ್ಲೂ ಅಷ್ಟೇ. ಟ್ರೇಲರ್ ಹೇರಿಕೆ ಸೇರಿ 600 ಕೆಜಿ ಇದ್ದರೆ ಹುಕ್ ಮೇಲೆ ಸುಮಾರು 60 ಕೆಜಿ ಬೀಳಲಿ. ತೂಕ ನೋಡಿಕೊಳ್ಳೋ ಮನೆಯ ಯಂತ್ರದ ಮೇಲೆ, ಹುಕ್ಕಿನ ಎತ್ತರಕ್ಕೆ ಮರದ ತುಂಡಿಟ್ಟು ಮೂಕಿ ಕೂರಿಸಿದರೆ ಗೊತ್ತಾಗುತ್ತೆ. ತೀರಾ ಕಮ್ಮಿಯಾದರೆ ಟಾರ್ ರಸ್ತೇಲಿ ಟ್ರೇಲರ್ ಬಾಲ ಅಲ್ಲಾಡಿಸುತ್ತೆ. ಹೆಚ್ಚಾದರೆ, ಸ್ಟೆಪ್ನಿಯೂ ಹಿಂದಿನ ಆಕ್ಸಲ್‌ನಿಂದ ಆಚೆಗೇ ಇರೋದ್ರಿಂದ, ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಮಾತು ಕೇಳಲ್ಲ. ಸ್ಪ್ರೇ ಡ್ರಮ್ಮನ್ನ ಅರ್ಧ ತುಂಬಿಕೊಂಡು ಹೋಗಬೇಡಿ, ನೀರು ಹಿಂದೆಮುಂದೆ ಓಡಾಡಿ ಈ ಲೆಕ್ಕವನ್ನೆಲ್ಲ ಕೆಡಿಸುತ್ತೆ.

ಸಾಧ್ಯವಾದರೆ ಟ್ರೇಲರಿಗೂ ಜೀಪಿನ ಚಕ್ರವೇ ಕೂರೋ ಹಬ್ ಹಾಕಿಸಿ, ಒಂದೇ ಸ್ಟೆಪ್ನಿ ಎರಡಕ್ಕೂ ಆಗುತ್ತೆ. ಯುದ್ಧಕಾಲದ ಅಮೆರಿಕನ್ ಸೇನೆಯ ಕಾಲು ಟನ್ ಜೀಪ್ ಟ್ರೇಲರಿಗೂ ಜೀಪಿನದೇ 6.00-16 ಟೈರ್ ಇತ್ತು. ಹುಕ್ಕನ್ನ ಬಂಪರಿಗಲ್ಲ, ಚಾಸಿಗೇ ಬೋಲ್ಟ್ ಮಾಡಿಸಿ. ತೋಟ ಬಿಟ್ಟು ರಸ್ತೆಗಿಳಿಸೋದಾದರೆ ರಿಜಿಸ್ಟ್ರೇಷನ್ ಬೇಕು, 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರೂ ಮೋಟಾರು ವಾಹನವೇ.

ಹಿಂಬಾಗಿಲು ಪೂರ್ತಿ ತೆರೆಯೋಕೆ ಕೆಲವು ಸಲ ಟ್ರೇಲರ್ ಬಿಚ್ಚಲೇಬೇಕಾಗುತ್ತೆ, ಅದಕ್ಕೆ ಒಗ್ಗಿಕೊಳ್ಳಿ. ವೆಲ್ಡಿಂಗ್ ಶಾಪಿಗೆ ಹೋಗುವಾಗ ಸ್ಟೆಪ್ನಿ ಸಮೇತ ಜೀಪನ್ನೇ ತಗೊಂಡು ಹೋಗಿ. ಬರೀ ಅಳತೆ ಬರೆದುಕೊಟ್ಟು ಬಂದು ನಾನು ಮೂಕಿಯನ್ನ ಎರಡು ಸಲ ಮಾಡಿಸಿದೆ.